ಸಂಬಳವನ್ನು ಗಂಟೆಯಿಂದ ಭಾಗಿಸಿ ನೋಡಿ

ನಮ್ಮ ಜಿಲ್ಲೆಯಲ್ಲಿ ಈಗ ಕೆಲಸಕ್ಕೆ ಬರವಿಲ್ಲ. ಹೊಸಕೋಟೆಯಲ್ಲಿ ವೋಲ್ವೊ 1998ರಿಂದಲೇ ಲಾರಿ ಕಟ್ಟುತ್ತಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಒಂದರ ಹಿಂದೆ ಒಂದು ಬಂದವು. ಏರೋಸ್ಪೇಸ್ ಪಾರ್ಕ್, ದಾಬಸ್‌ಪೇಟೆ ಸುತ್ತಮುತ್ತಲ ಗೋದಾಮುಗಳು, ಈಗ ದೇವನಹಳ್ಳಿ–ದೊಡ್ಡಬಳ್ಳಾಪುರದ ನಡುವೆ ಸುಮಾರು 300 ಎಕರೆಯಲ್ಲಿ ಎದ್ದಿರುವ ಫಾಕ್ಸ್‌ಕಾನ್‌ನ ಐಫೋನ್ ಕಾರ್ಖಾನೆ. ಬೆಳಗಾಗುತ್ತಲೇ ಊರೂರಿನ ಬಸ್ ನಿಲ್ದಾಣದ ಹತ್ತಿರ ಕಂಪನಿ ಬಸ್ಸುಗಳು ಸಾಲುಗಟ್ಟಿ ನಿಂತಿರುತ್ತವೆ. ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡ ಹುಡುಗಿಯರು ಕಿಟಕಿಗೆ ತಲೆ ಆನಿಸಿ ಅರ್ಧ ನಿದ್ದೆಯಲ್ಲೇ ಹೊರಡುತ್ತಾರೆ.

ಮಗಳಿಗೆ ಕೆಲಸ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ನಾವು ಮೊದಲು ಕೇಳುವುದು "ಎಷ್ಟ್ ಕೊಡ್ತಾರಂತೆ?" ಅಂತ. ಎಷ್ಟು ಹೊತ್ತು ದುಡಿಸಿಕೊಳ್ಳುತ್ತಾರೆ, ಮನೆಯಿಂದ ಎಷ್ಟು ದೂರ, ಭಾನುವಾರ ಫೋನ್ ಬರುತ್ತದೋ ಇಲ್ಲವೋ ಎಂದು ಕೇಳುವವರು ಕಡಿಮೆ. ಒಳ್ಳೆ ಸಂಬಳವೂ ಬೇಕು, ಮನುಷ್ಯರ ಹಾಗೆ ಬದುಕಲು ಹೊತ್ತೂ ಬೇಕು ಎನ್ನುವುದನ್ನು ದುರಾಸೆ ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹೊತ್ತಿನ ಲೆಕ್ಕ ಹಿಡಿಯದೆ ಸಂಬಳದ ಲೆಕ್ಕ ಪೂರ್ತಿಯಾಗುವುದೇ ಇಲ್ಲ.

ನಾನು ಬೆಳೆದದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ. ಅಪ್ಪ ಕೂಲಿ ನೇಯ್ಗೆಯವರು. ರೇಷ್ಮೆ, ಜರಿ ಎಲ್ಲ ಮಾಲೀಕರದು, ಮಗ್ಗವೂ ಅವರದೇ, ದುಡಿಮೆ ಮಾತ್ರ ನಮ್ಮದು. ಸೀರೆಗೆ ಇಷ್ಟು ಎಂದು ಕೂಲಿ. ಆ ಸೀರೆ ಎಷ್ಟು ಹೊತ್ತಿನಲ್ಲಿ ಇಳಿಯಿತು ಎನ್ನುವುದು ಯಾರಿಗೂ ಬೇಕಿರಲಿಲ್ಲ. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತಿತ್ತು, ಮಗ್ಗ ನಿಂತರೆ ಕೂಲಿಯೂ ನಿಲ್ಲುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಕರೆಂಟ್ ಬಂದರೆ ಅಪ್ಪ ಎದ್ದು ಮತ್ತೆ ಮಗ್ಗದ ಮುಂದೆ ನಿಲ್ಲುತ್ತಿದ್ದರು. ಅಮ್ಮ ಗೋಡೆ ಪಕ್ಕ ಕೂತು ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ಆ ಕಂಡಿಕೆ ಲಾಳಿಯೊಳಗೆ ಕೂರದಿದ್ದರೆ ಒಂದು ಎಳೆಯೂ ಹಾಯುವ ಹಾಗಿಲ್ಲ. ಆದರೂ ಕಂಡಿಕೆಗೆಂದು ಬೇರೆ ಕೂಲಿ ಇರಲಿಲ್ಲ, ಅದು ಸೀರೆಯ ಕೂಲಿಯಲ್ಲೇ ಸೇರಿಹೋಗಿತ್ತು. ಎರಡು ಜೀವದ ಹೊತ್ತಿಗೆ ಒಂದು ಕೂಲಿ.

ಎಂ.ಕಾಂ. ಮುಗಿಸಿ ನಾನು ಸೇರಿದ್ದು ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ. ಅಲ್ಲಿ ವರ್ಷಗಟ್ಟಲೆ ಇದ್ದೆ. ಕೊನೆಗೆ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 92,000 ರೂಪಾಯಿ. ಬೀದಿಯಲ್ಲೆಲ್ಲ ಹೆಸರಾದ ಸಂಬಳ. ದೊಡ್ಡಬಳ್ಳಾಪುರದಿಂದ ಯಲಹಂಕ, ಅಲ್ಲಿಂದ ಹೆಬ್ಬಾಳ, ಹೆಬ್ಬಾಳದ ಮೇಲ್ಸೇತುವೆ ಇಳಿದ ಮೇಲೆ ಇನ್ನೊಂದು ಬಸ್ಸು. ಹೋಗಿ ಬರುವುದಕ್ಕೆ ದಿನಕ್ಕೆ ನಾಲ್ಕು ಗಂಟೆ, ಕಚೇರಿಯಲ್ಲಿ ಒಂಬತ್ತೂವರೆ. ತಿಂಗಳಿಗೆ 22 ದಿನ ಎಂದರೆ 297 ಗಂಟೆ. ಬಸ್ಸು, ತಡವಾದಾಗ ಕ್ಯಾಬು, ಹೊರಗಿನ ಊಟ ಸೇರಿ 11,000 ಖರ್ಚು. ಉಳಿದ 81,000ವನ್ನು 297ರಿಂದ ಭಾಗಿಸಿದರೆ ಗಂಟೆಗೆ 273 ರೂಪಾಯಿ. ತಿಂಗಳ ಕೊನೆಯಲ್ಲಿ ಲೆಕ್ಕ ಮುಚ್ಚುವ ದಿನಗಳಲ್ಲಿ ರಾತ್ರಿ ಮನೆಯಲ್ಲಿ ಕೂತು ಮಾಡಿದ ಕೆಲಸವನ್ನು ಇದರಲ್ಲಿ ಸೇರಿಸಿಲ್ಲ.

ಈಗ ದೇವನಹಳ್ಳಿ ಕಡೆ ವಿಮಾನದ ಬಿಡಿಭಾಗ ಮಾಡುವ ಒಂದು ಘಟಕದಲ್ಲಿ ಅದೇ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೇನೆ. ಕೈಗೆ ಬರುವುದು 68,000. ಕೆಲಸ ಎಂಟೂವರೆ ಗಂಟೆ, ಓಡಾಟಕ್ಕೆ ಒಂದು ಗಂಟೆ, ಕೆಲವು ಶನಿವಾರವೂ ಸೇರಿ ತಿಂಗಳಿಗೆ 24 ದಿನ. ಒಟ್ಟು 228 ಗಂಟೆ. ಖರ್ಚಿನ 3,000 ಕಳೆದು 65,000. ಭಾಗಿಸಿದರೆ ಗಂಟೆಗೆ 285. ಸಂಬಳ 24,000 ಇಳಿದಿದೆ, ಗಂಟೆಯ ದರ 12 ರೂಪಾಯಿ ಏರಿದೆ, ತಿಂಗಳಿಗೆ 69 ಗಂಟೆ ನನ್ನ ಕೈಗೆ ವಾಪಸ್ ಬಂದಿದೆ. ಅಮ್ಮನ ಕಂಡಿಕೆಯ ಹೊತ್ತಿಗೆ ಕೂಲಿ ಇರಲಿಲ್ಲ, ನನ್ನ ಬಸ್ಸಿನ ಹೊತ್ತಿಗೂ ಇರಲಿಲ್ಲ. ಅದಿಲ್ಲದೆ ಸೀರೆ ಇಳಿಯದು, ಇದಿಲ್ಲದೆ ಸಂಬಳ ಬಾರದು.

ಒಂದು ಮಾತನ್ನು ಇಲ್ಲೇ ಹೇಳಬೇಕು. ಈ ಲೆಕ್ಕ ನನಗೆ ಸರಿಹೋದದ್ದು ಊರಿನಲ್ಲಿ ಸ್ವಂತ ಮನೆ ಇದ್ದುದರಿಂದ. ಬಾಡಿಗೆ ಕಟ್ಟುವವರಿಗೆ, ಮನೆ ಸಾಲದ ಕಂತು ಇರುವವರಿಗೆ ಗಂಟೆಯ ದರ ಎಷ್ಟೇ ಚೆನ್ನಾಗಿದ್ದರೂ ತಿಂಗಳ ಒಟ್ಟು ಮೊತ್ತ ಸಾಕಾಗದೆ ಹೋಗಬಹುದು. ಮೊದಲು ಮನೆ ನಡೆಯಲು ಎಷ್ಟು ಬೇಕು ಎಂದು ಬರೆದುಕೊಳ್ಳಿ. ಅದಕ್ಕಿಂತ ಮೇಲಿನ ಸಂಬಳಗಳನ್ನು ಹೋಲಿಸುವಾಗ ಮಾತ್ರ ಗಂಟೆಯಿಂದ ಭಾಗಿಸಿ. ಹೋಲಿಸುವಾಗ ಕಂಪನಿ ಹೇಳುವ ಸಿಟಿಸಿ ಬಿಟ್ಟು ಕೈಗೆ ಬರುವ ಹಣವನ್ನೇ ಹಿಡಿಯಿರಿ. 2025ರ ಕೇಂದ್ರ ಬಜೆಟ್ಟಿನ ಪ್ರಕಾರ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ತೆರಿಗೆ ಇಲ್ಲ. ಅದರ ಮೇಲಿನ ದುಡಿಮೆಯಲ್ಲಿ ಸರ್ಕಾರಕ್ಕೂ ಪಾಲು ಹೋಗುತ್ತದೆ.

ಕಾರ್ಖಾನೆಯಲ್ಲಿ ಲೈನ್ ಮೇಲೆ ನಿಲ್ಲುವವರಿಗೆ ಈ ಭಾಗಾಕಾರ ಇನ್ನೂ ಮುಖ್ಯ. ವಾರಕ್ಕೆ 48 ಗಂಟೆ, ಮೀರಿ ದುಡಿಸಿದರೆ ದುಪ್ಪಟ್ಟು ದರ ಎನ್ನುವುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಬಂದ ನಿಯಮ. 48 ಗಂಟೆಯ ವಾರವೆಂದರೆ ತಿಂಗಳಿಗೆ ಸರಾಸರಿ 208 ಗಂಟೆ. 20,000 ಸಂಬಳಕ್ಕೆ ಗಂಟೆಗೆ 96 ರೂಪಾಯಿ ಬೀಳುತ್ತದೆ, ಓಟಿಗೆ 192 ಬರಬೇಕು. ಸಂಬಳದ ಚೀಟಿಯಲ್ಲಿ ಓಟಿಯ ಗಂಟೆ ಎಷ್ಟು, ದರ ಎಷ್ಟು ಎಂದು ಬೇರೆ ಸಾಲಿನಲ್ಲಿ ಇದೆಯೇ ನೋಡಿ. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಸಭೆ ಒಪ್ಪಿದ ತಿದ್ದುಪಡಿ ದಿನಕ್ಕೆ 12 ಗಂಟೆಯ ಪಾಳಿಗೆ ದಾರಿ ಮಾಡಿಕೊಟ್ಟಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿಯನ್ನೂ ಬಹಳ ಏರಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾಪ ಬಂದಾಗ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ನಾನು ಆ ಸಂಘದ ಪರ. ದಿನಕ್ಕಿರುವುದೇ 24 ಗಂಟೆ. ಹೆಚ್ಚಿಗೆ ಕೇಳುವವರು ಅದನ್ನು ನಮ್ಮ ನಿದ್ದೆಯಿಂದ, ನಮ್ಮ ಮಕ್ಕಳ ಹೊತ್ತಿನಿಂದಲೇ ಕೇಳುತ್ತಿರುತ್ತಾರೆ.

ಹಾಗಾದರೆ ಸಂಬಳವೂ ಇದ್ದು ಹೊತ್ತಿಗೂ ಮಿತಿ ಇರುವ ಕೆಲಸ ಯಾವುದು? ಅಕ್ಕನ ಮಗಳು ಡಿಗ್ರಿಯಲ್ಲಿ ಪಿಸಿಎಂ ಓದುತ್ತಿದ್ದಾಳೆ. "ಚಿಕ್ಕಮ್ಮಾ, ಬಿ.ಎಸ್ಸಿ. ಮಾಡಿದ್ರೆ ಟೀಚರ್ ಬಿಟ್ರೆ ಇನ್ನೇನೂ ಸಿಗಲ್ವಂತೆ, ಹೌದಾ?" ಎಂದು ಕೇಳಿದಳು. ಅವಳಿಗೆ ನಾನು ತೋರಿಸಿದ್ದು ನಮ್ಮ ಮನೆಯ ತಾರಸಿಯ ಮೇಲೆ ದಿನವೂ ಹಾದುಹೋಗುವ ವಿಮಾನಗಳನ್ನು. ಅವುಗಳನ್ನು ಇಳಿಸುವ, ಏರಿಸುವ ಏರ್ ಟ್ರಾಫಿಕ್ ಕಂಟ್ರೋಲರ್ ಕೆಲಸಕ್ಕೆ ಬೇಕಾದ್ದು ಅವಳು ಓದುತ್ತಿರುವುದೇ: ಭೌತಶಾಸ್ತ್ರ, ಗಣಿತ ಇರುವ ಬಿ.ಎಸ್ಸಿ., ಇಲ್ಲವೇ ಎಂಜಿನಿಯರಿಂಗ್. ಕೆಂಪೇಗೌಡ ನಿಲ್ದಾಣವನ್ನು ನಡೆಸುವುದು ಖಾಸಗಿ ಪಾಲುದಾರಿಕೆಯ ಕಂಪನಿಯಾದರೂ ಆಕಾಶದ ಸಂಚಾರ ನೋಡಿಕೊಳ್ಳುವುದು ಕೇಂದ್ರ ಸರ್ಕಾರದ ವಿಮಾನ ನಿಲ್ದಾಣಗಳ ಪ್ರಾಧಿಕಾರ. ಅದು ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆಗೆ ಅಖಿಲ ಭಾರತ ಪರೀಕ್ಷೆ ನಡೆಸುತ್ತದೆ. ವಯೋಮಿತಿ 27, ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ಮೂಲ ವೇತನ 40,000ದಿಂದ ಶುರು. ಎಲ್ಲ ಭತ್ಯೆ ಸೇರಿ ವರ್ಷಕ್ಕೆ ಸುಮಾರು 13 ಲಕ್ಷ ಎಂದು ಪ್ರಾಧಿಕಾರದ ಜಾಹೀರಾತೇ ಹೇಳುತ್ತದೆ.

ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಹೊತ್ತಿನ ನಿಯಮ. ಎರಡು ಗಂಟೆ ಒಂದೇ ಸಮನೆ ಪರದೆಯ ಮುಂದೆ ಕೂತರೆ ಕನಿಷ್ಠ ಅರ್ಧ ಗಂಟೆ ಎದ್ದು ಹೋಗಲೇಬೇಕು. ದಣಿದ ಕಂಟ್ರೋಲರ್ ಕೈಯಲ್ಲಿ ನೂರಾರು ಜೀವ ಇರುತ್ತವೆ ಎಂದು ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಈ ಬಿಡುವನ್ನು ಕಡ್ಡಾಯ ಮಾಡಿದೆ. ಮೇಲಧಿಕಾರಿ ಒಳ್ಳೆಯವನೋ ಕೆಟ್ಟವನೋ, ಬಿಡುವು ಸಿಕ್ಕೇ ಸಿಗಬೇಕು. ರಾತ್ರಿ ಪಾಳಿ ಇದೆ, ಅದು ಸುಲಭವಲ್ಲ. ಮೊದಲ ನೇಮಕ ದೇಶದ ಯಾವ ಮೂಲೆಯಲ್ಲಾದರೂ ಆಗಬಹುದು. ಪರೀಕ್ಷೆಯ ಜೊತೆಗೆ ಧ್ವನಿ ಪರೀಕ್ಷೆ, ವೈದ್ಯಕೀಯ ಪರೀಕ್ಷೆ ಇದೆ. ಪಿಯುಸಿ ಮಟ್ಟದ ಇಂಗ್ಲಿಷ್ ಬರೆಯಲು, ಮಾತಾಡಲು ಬರಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಇದಕ್ಕೇ ಹಿಂಜರಿಯುತ್ತಾರೆ. ಡಿಗ್ರಿಯ ಮೂರು ವರ್ಷದಲ್ಲಿ ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದರೆ ದಾಟಬಹುದಾದ ತಡೆ ಅದು. ವಿಮಾನ ನಿಲ್ದಾಣಕ್ಕೆ ಜಮೀನು ಕೊಟ್ಟ ತಾಲ್ಲೂಕಿನ ಮಕ್ಕಳು ಅಲ್ಲಿ ಟ್ರಾಲಿ ತಳ್ಳುವ ಕೆಲಸಕ್ಕೆ ಮಾತ್ರ ಸಾಲಾಗಿ ನಿಲ್ಲುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಆ ಗೋಪುರದೊಳಗೂ ಅವರು ಕೂರಬೇಕು.

ಇಂಥ ಇನ್ನೊಂದು ಕೆಲಸ ಕಾಲೇಜು ಅಧ್ಯಾಪಕರದು. ಯುಜಿಸಿ ಪ್ರಕಾರ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700, ವಾರಕ್ಕೆ ತರಗತಿಯ ಪಾಠ 16 ಗಂಟೆ. ತಯಾರಿ, ಮೌಲ್ಯಮಾಪನ, ಪ್ರವೇಶಾತಿಯ ಕೆಲಸ ಎಲ್ಲ ಸೇರಿದರೂ ಇದು ಒಳ್ಳೆಯ ದರವೇ. ತೊಡಕಿರುವುದು ಹುದ್ದೆಯ ಸಂಖ್ಯೆಯಲ್ಲಿ. 2021ರಲ್ಲಿ ಕರೆದ 1,242 ಹುದ್ದೆಗಳಿಗೆ ಪರೀಕ್ಷೆ ನಡೆದದ್ದು 2022ರ ಮಾರ್ಚ್‌ನಲ್ಲಿ. ಅತ್ತ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಗೌರವಧನಕ್ಕೆ ಪಾಠ ಮಾಡುತ್ತಿದ್ದಾರೆ. ಕೆ-ಸೆಟ್ ಅಥವಾ ನೆಟ್ ಪಾಸು ಮಾಡಿ ಇಟ್ಟುಕೊಳ್ಳಿ, ಆದರೆ ಇದೊಂದನ್ನೇ ನಂಬಿ ಮೂವತ್ತೈದು ದಾಟಬೇಡಿ.

ಬ್ಯಾಂಕಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ರಾಜ್ಯದ ಎರಡು ಗ್ರಾಮೀಣ ಬ್ಯಾಂಕ್‌ಗಳು 2025ರ ಮೇ 1ರಿಂದ ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಸಂಬಳ ಚೆನ್ನಾಗಿದೆ. ಹೊತ್ತು ಮಾತ್ರ ಶಾಖೆಯಿಂದ ಶಾಖೆಗೆ ಬೇರೆ. ಸಿಬ್ಬಂದಿ ಕಡಿಮೆ ಇರುವ ಹಳ್ಳಿಯ ಶಾಖೆಯಲ್ಲಿ ಸಂಜೆ ಶಟರ್ ಎಳೆದ ಮೇಲೂ ಕೆಲಸ ಮುಗಿಯುವುದಿಲ್ಲ.

ಡಿಗ್ರಿ ಮಾಡುವ ಮನಸ್ಸಿಲ್ಲದವರಿಗೆ ಜಿಟಿಟಿಸಿ ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಎಸ್ಸೆಸ್ಸೆಲ್ಸಿ ಆದವರು ಟೂಲ್ ಅಂಡ್ ಡೈ ಡಿಪ್ಲೊಮಾ ಸೇರಬಹುದು: ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ನಮ್ಮ ಘಟಕದಲ್ಲಿ ಅಲ್ಲಿಂದ ಬಂದವರಿದ್ದಾರೆ. ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೊರೆಯುವ ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಹುಡುಗನನ್ನು ಪಾಳಿ ಮುಗಿದ ಮೇಲೆ ಯಾರೂ ಒತ್ತಾಯದಿಂದ ಉಳಿಸಿಕೊಳ್ಳುವುದಿಲ್ಲ. ಅವನ ಕಣ್ಣು ದಣಿದರೆ ಲಕ್ಷಾಂತರ ರೂಪಾಯಿಯ ಟೈಟಾನಿಯಂ ತುಂಡು ಹಾಳಾಗುತ್ತದೆ ಎಂದು ಮ್ಯಾನೇಜರಿಗೂ ಗೊತ್ತು. ಶುರುವಿನ ಸಂಬಳ ಸಣ್ಣದು. ಕೈ ಪಳಗಿದ ಮೇಲೆ ಬೆಲೆ ಹೇಳುವವನು ಅವನೇ.

ಈ ಕೆಲಸಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ಹೊತ್ತಿಗೆ ಮಿತಿ ಇರುವುದು ನಿಯಮ ಬರೆದಿಟ್ಟ ಕಡೆ, ಇಲ್ಲವೇ ದಣಿವಿನಿಂದ ಮಾಲೀಕನಿಗೇ ನಷ್ಟವಾಗುವ ಕಡೆ. "ನಮ್ಮದು ಒಂದು ಕುಟುಂಬದ ಹಾಗೆ" ಎಂದು ಸಂದರ್ಶನದಲ್ಲಿ ಹೇಳುವ ಕಂಪನಿಯ ಬಗ್ಗೆ ಹುಷಾರಾಗಿರಿ. ಕುಟುಂಬದಲ್ಲಿ ಹೊತ್ತಿನ ಲೆಕ್ಕ ಯಾರೂ ಇಡುವುದಿಲ್ಲ, ನಮ್ಮ ಅಮ್ಮನ ಲೆಕ್ಕವನ್ನು ಯಾರೂ ಇಡಲಿಲ್ಲ.

ಅಕ್ಕನ ಮಗಳು ಈಗ ಕಂಟ್ರೋಲರ್ ಪರೀಕ್ಷೆಯ ಕಳೆದ ವರ್ಷಗಳ ಪ್ರಶ್ನೆಪತ್ರಿಕೆ ತಂದು ಬಿಡಿಸುತ್ತಿದ್ದಾಳೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಾಲೇಜುಗಳಲ್ಲಿ ಪಿಸಿಎಂ ಓದುತ್ತಿರುವ ಪ್ರತಿಯೊಬ್ಬರೂ ವಿಮಾನ ನಿಲ್ದಾಣಗಳ ಪ್ರಾಧಿಕಾರದ ನೇಮಕಾತಿ ಪ್ರಕಟಣೆಯನ್ನು ಒಮ್ಮೆ ಓದಿ. ಅಧ್ಯಾಪಕರು ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿಸಿ. ಈಗಾಗಲೇ ಕೆಲಸದಲ್ಲಿರುವವರು ಹೊಸ ಆಫರ್ ಬಂದರೆ ಸಂಬಳದ ಜೊತೆ ಕೆಲಸದ ಗಂಟೆ, ವಾರದ ರಜೆ, ಓಟಿಯ ದರ ಮೂರನ್ನೂ ಕಾಗದದ ಮೇಲೆ ಬರೆಸಿಕೊಂಡು, ಆಮೇಲೆ ಸಹಿ ಹಾಕಿ.