ಘನದೊಳಗಿನ ಸಮತಲ: ಕಿರಿಯ ವಿದ್ಯಾರ್ಥಿಗೆ ಒಂದು ಪತ್ರ



ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದ ಮೂರು ಆಯಾಮಗಳ ನೋಟದಲ್ಲಿ ಸಮತಲವನ್ನು ರಚಿಸಲು ಹೊರಟವರು ಮೊದಲು ಅರಿಯಬೇಕಾದದ್ದು, ಪರದೆ ಆಳವನ್ನು ಮರೆಮಾಚುತ್ತದೆ ಎಂಬುದನ್ನು. ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿದರೆ ಬಿಂದು ಸಾಮಾನ್ಯವಾಗಿ ನೆಲದ ಮೇಲೆ, ಅಂದರೆ ಎಕ್ಸ್ ಮತ್ತು ವೈ ಅಕ್ಷಗಳಿರುವ ಸಮತಲದ ಮೇಲೆ ಕೂರುತ್ತದೆ. ಘನದ ಅಂಚಿನ ಮೇಲೆಯೇ ಇದೆಯೆಂದು ಕಂಡ ಬಿಂದು, ನೋಟವನ್ನು ತಿರುಗಿಸಿದ ಕೂಡಲೇ ದೂರದಲ್ಲೆಲ್ಲೋ ಬಿದ್ದಿರುತ್ತದೆ. ಆದುದರಿಂದ ಕಣ್ಣಳತೆಯನ್ನು ಬಿಟ್ಟು, ಮಧ್ಯಬಿಂದುವಿನ ಉಪಕರಣದಿಂದ ಬಿಂದುಗಳನ್ನು ಅಂಚುಗಳಿಗೇ ಕಟ್ಟಿಹಾಕುವುದು ಲೇಸು.

ಒಂದೇ ರೇಖೆಯ ಮೇಲಿಲ್ಲದ ಮೂರು ಬಿಂದುಗಳು ಒಂದು ಸಮತಲವನ್ನು ನಿರ್ಧರಿಸುತ್ತವೆ. ಅವುಗಳಲ್ಲೊಂದನ್ನು ಎಳೆದು ಮಿಕ್ಕೆರಡರ ಸಾಲಿಗೆ ತಂದರೆ ಸಮತಲ ಪರದೆಯಿಂದ ಮಾಯವಾಗುತ್ತದೆ. ಇದನ್ನು ತಂತ್ರಾಂಶದ ದೋಷವೆಂದು ಬಗೆಯುವವರುಂಟು, ಆದರೆ ಆ ಸ್ಥಿತಿಯಲ್ಲಿ ಅಸಂಖ್ಯ ಸಮತಲಗಳು ಸಾಧ್ಯವಾದುದರಿಂದ ಯಾವುದನ್ನೂ ಆರಿಸದಿರುವುದೇ ಸರಿಯಾದ ಉತ್ತರ.

ಶೃಂಗವೊಂದು ಮೂಲಬಿಂದುವಿನಲ್ಲಿದ್ದು, ಅಂಚುಗಳು ಅಕ್ಷಗಳ ಧನ ದಿಕ್ಕಿನಲ್ಲಿ ಸಾಗುವ, ಅಂಚಿನ ಉದ್ದ 2 ಇರುವ ಘನವೊಂದನ್ನು ತೆಗೆದುಕೊಳ್ಳಬಹುದು. ಮೂಲಬಿಂದುವಿನಿಂದ ಎದುರು ಶೃಂಗಕ್ಕೆ ಹೋಗುವ ಕರ್ಣದ ನಡುಬಿಂದುವಿನಲ್ಲಿ ಆ ಕರ್ಣಕ್ಕೆ ಲಂಬವಾದ ಸಮತಲವನ್ನು ರಚಿಸಿದರೆ, ಅದರ ಸಮೀಕರಣ x + y + z = 3 ಎಂದು ದೊರೆಯುತ್ತದೆ; ಇಲ್ಲಿನ ಸಮ ಗುಣಾಂಕಗಳು ಲಂಬ ಸದಿಶವನ್ನು, ಅಂದರೆ ಸಮತಲಕ್ಕೆ ನೇರವಾಗಿ ನಿಂತ ದಿಕ್ಕನ್ನು ಸೂಚಿಸುತ್ತವೆ. ಈ ಸಮತಲ ಆರು ಅಂಚುಗಳ ಮಧ್ಯಬಿಂದುಗಳನ್ನು ಹಾದು, √2 ಉದ್ದದ ಬಾಹುಗಳುಳ್ಳ ನಿಯಮಿತ ಷಡ್ಭುಜವಾಗಿ ಘನವನ್ನು ಕತ್ತರಿಸುತ್ತದೆ. ಚೌಕಗಳಿಂದಲೇ ಆದ ಘನದಲ್ಲಿ ಷಡ್ಭುಜ ಅಡಗಿದೆಯೆಂದು ಎಷ್ಟು ಹೇಳಿದರೂ ನಂಬದವರು, ನೋಟವನ್ನು ಕರ್ಣದ ನೇರಕ್ಕೆ ತಿರುಗಿಸಿದೊಡನೆ ಒಪ್ಪುತ್ತಾರೆ.

ಆದರೆ ಅಲ್ಲಿಗೇ ನಿಲ್ಲುವುದು ಸಲ್ಲದು. 3ರ ಬದಲು ಸ್ಲೈಡರ್‌ನಿಂದ ಬದಲಾಗುವ k ಎಂಬ ಸಂಖ್ಯೆಯನ್ನು ಇರಿಸಿ, ಸಮತಲವನ್ನು ಕರ್ಣದುದ್ದಕ್ಕೂ ಸರಿಸಬೇಕು. k ಎಂಬುದು 2 ಆಗುವವರೆಗೆ ಛೇದ ಸಮಬಾಹು ತ್ರಿಭುಜವಾಗಿ ಬೆಳೆಯುತ್ತದೆ, 2 ಮತ್ತು 4ರ ನಡುವೆ ಷಡ್ಭುಜವಾಗುತ್ತದೆ, ಅನಂತರ ಮತ್ತೆ ತ್ರಿಭುಜವಾಗಿ ಕುಗ್ಗುತ್ತದೆ. ವಿಸ್ತೀರ್ಣ ಷಡ್ಭುಜದ ಹಂತದಲ್ಲೂ ಬದಲಾಗುತ್ತ k = 3 ಆದಾಗ ಗರಿಷ್ಠ ಮಟ್ಟ ಮುಟ್ಟಿದರೆ, ಸುತ್ತಳತೆ ಮಾತ್ರ ಆ ಹಂತದುದ್ದಕ್ಕೂ 6√2 ಆಗಿಯೇ ಉಳಿಯುತ್ತದೆ. ಇದಕ್ಕೆ ಕಾರಣವನ್ನು ತಂತ್ರಾಂಶ ತಿಳಿಸದು. ಕಾಗದದ ಮೇಲೆ ಒಂದೊಂದು ಮುಖದಲ್ಲೂ ಬಾಹುವಿನ ಉದ್ದವನ್ನು ಲೆಕ್ಕ ಹಾಕಿದವರಿಗೆ ಅವು ಒಂದು ಬಿಟ್ಟು ಒಂದರಂತೆ √2(k − 2) ಮತ್ತು √2(4 − k) ಎಂದು ದೊರೆಯುವುದರಿಂದ, ಒಂದು ಹಿಗ್ಗಿದಷ್ಟೇ ಪಕ್ಕದ್ದು ಕುಗ್ಗುತ್ತದೆ.