ಕಪಾಟು ತುಂಬಿದೆ, ಉಡಲು ಬಟ್ಟೆಯಿಲ್ಲ!

ಬಂಧುಗಳ ಮನೆಯಿಂದ ಮದುವೆಯ ಆಮಂತ್ರಣ ಬಂದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, 'ಏನು ಉಡುವುದು?' ಕಪಾಟಿನ ಬಾಗಿಲು ತೆರೆದರೆ ಮಡಚಿಟ್ಟ ಬಟ್ಟೆಗಳು ಮೈಮೇಲೆ ಬೀಳುತ್ತವೆ. ಆದರೂ ಉಡಲು ಬಟ್ಟೆಯಿಲ್ಲ ಎಂಬ ದೂರು ತಪ್ಪುವುದಿಲ್ಲ. ಇದು ಹೆಂಗಸರ ಮಾತೆಂದು ಗಂಡಸರು ನಗಬೇಕಾಗಿಲ್ಲ. ಒಂದೇ ಬಣ್ಣದ ನಾಲ್ಕು ಶರ್ಟುಗಳು, ಸೊಂಟಕ್ಕೆ ಬಾರದ ಪ್ಯಾಂಟುಗಳು, ವರ್ಷಕ್ಕೊಮ್ಮೆ ಹೊರಬರುವ ಶೇರ್ವಾನಿ ಅವರ ಪಾಲಿನಲ್ಲೂ ಇವೆ. ಪ್ರಿಯ ಓದುಗರೇ, ಇದನ್ನು ಓದಿ ಮುಗಿಸಿದ ಬಳಿಕ ನಿಮ್ಮ ಕಪಾಟನ್ನೊಮ್ಮೆ ತೆರೆದು ನೋಡಿ. ಕಳೆದ ಒಂದು ವರ್ಷದಲ್ಲಿ ಒಮ್ಮೆಯೂ ಮೈಗೇರದ ಬಟ್ಟೆಗಳು ಎಷ್ಟಿವೆ?

ಉಡುಪು ಯಾತಕ್ಕೆ?

ಉಡುಪು ಅಲ್ಲಾಹನ ಅನುಗ್ರಹ. ಅದು ನಗ್ನತೆಯನ್ನು ಮರೆಮಾಡುತ್ತದೆ, ಮನುಷ್ಯನಿಗೆ ಶೋಭೆಯನ್ನೂ ಕೊಡುತ್ತದೆ. ಈ ಎರಡನ್ನೂ ಹೇಳಿದ ಪವಿತ್ರ ಕುರ್‌ಆನ್, ಎಲ್ಲಕ್ಕಿಂತ ಉತ್ತಮವಾದುದು ತಖ್ವಾದ ಉಡುಪು ಎಂದು ಕಲಿಸುತ್ತದೆ (7:26). ಅದೇ ಅಧ್ಯಾಯದಲ್ಲಿ ಆರಾಧನೆಯ ವೇಳೆ ಅಲಂಕೃತರಾಗಿರಲು ಆದೇಶವಿದೆ. ಜೊತೆಗೇ ದುಂದುಗಾರರನ್ನು ಅಲ್ಲಾಹನು ಮೆಚ್ಚುವುದಿಲ್ಲ ಎಂಬ ಎಚ್ಚರಿಕೆಯೂ ಇದೆ (7:31). ಮರುವಚನದಲ್ಲಿ, ಅಲ್ಲಾಹನು ತನ್ನ ದಾಸರಿಗಾಗಿ ಒದಗಿಸಿದ ಶೋಭೆಯನ್ನು ನಿಷಿದ್ಧಗೊಳಿಸಿದವರಾರು ಎಂದು ಪ್ರಶ್ನಿಸಲಾಗಿದೆ. ಅಂದರೆ ಇಸ್ಲಾಮ್ ಚಿಂದಿ ಉಡಲು ಹೇಳುವುದಿಲ್ಲ, ರಾಶಿ ಹಾಕಲೂ ಬಿಡುವುದಿಲ್ಲ.

ಪ್ರವಾದಿವರ್ಯರ(ಸ) ಜೀವನದಲ್ಲಿ ಈ ಸಮತೋಲನ ಸ್ಪಷ್ಟವಾಗಿ ಕಾಣುತ್ತದೆ. ಒಬ್ಬರು ತೀರಾ ಕಳಪೆ ಬಟ್ಟೆ ಧರಿಸಿ ಅವರ ಬಳಿಗೆ ಬಂದರು. ನಿಮ್ಮಲ್ಲಿ ಸಂಪತ್ತಿದೆಯೇ ಎಂದು ಪ್ರವಾದಿ(ಸ) ವಿಚಾರಿಸಿದರು. ಒಂಟೆ, ಆಡು, ಕುದುರೆ ಎಲ್ಲವೂ ಇದೆಯೆಂದು ತಿಳಿದಾಗ, ಅಲ್ಲಾಹನು ಕೊಟ್ಟ ಅನುಗ್ರಹದ ಗುರುತು ನಿಮ್ಮ ಮೇಲೆ ಕಾಣಲಿ ಎಂದು ತಿಳಿಸಿದರು. ಆದರೆ ಸ್ವತಃ ಅವರು ತಮ್ಮ ಬಟ್ಟೆಗೆ ತಾವೇ ಹೊಲಿಗೆ ಹಾಕುತ್ತಿದ್ದರು. ಅವರ ನಿಧನಾನಂತರ ಹಝ್ರತ್ ಆಯಿಶಾ(ರ) ತೇಪೆ ಹಾಕಿದ ಒಂದು ಮೇಲ್ವಸ್ತ್ರವನ್ನೂ ಒರಟಾದ ಒಂದು ಉಡುಬಟ್ಟೆಯನ್ನೂ ಹೊರತೆಗೆದು ತೋರಿಸಿ, ಪ್ರವಾದಿಯವರು(ಸ) ಇಹಲೋಕ ತ್ಯಜಿಸಿದ್ದು ಇವೆರಡರಲ್ಲೇ ಎಂದರು. ಇಡೀ ಅರೇಬಿಯಾ ಅಧೀನದಲ್ಲಿದ್ದಾಗ ಆ ಮನೆಯ ಬಟ್ಟೆಬರೆ ಅಷ್ಟು ಸರಳವಾಗಿತ್ತು!

ಹೆಸರಿಗಾಗಿ ಉಡುವ ಬಟ್ಟೆ

ಜನರ ನಡುವೆ ಹೆಸರಾಗಲೆಂದು ಉಡುವ ಬಟ್ಟೆಯನ್ನು ಹದೀಸ್‌ಗಳಲ್ಲಿ ಪ್ರಸಿದ್ಧಿಯ ಉಡುಪು ಎಂದು ಕರೆಯಲಾಗಿದೆ. ಅದನ್ನು ಉಟ್ಟವನಿಗೆ ಪರಲೋಕದಲ್ಲಿ ನಿಂದ್ಯತೆಯ ಉಡುಪು ಕಾದಿದೆ. ಇಂದು ನಮ್ಮ ಮದುವೆಗಳನ್ನು ನೋಡಿ. ಮೆಹೆಂದಿಗೊಂದು, ನಿಕಾಹ್‌ಗೊಂದು, ವಲೀಮಾಕ್ಕೊಂದು ಉಡುಗೆ. ಮದುಮಗಳ ಭಾರೀ ಲೆಹಂಗಾ ಒಂದು ಸಂಜೆ ಬೆಳಗಿ, ಆಮೇಲೆ ಪ್ಲಾಸ್ಟಿಕ್ ಚೀಲ ಸೇರುತ್ತದೆ. ಉಳ್ಳವರ ಮನೆಯಲ್ಲಿ ಇದು ಒಂದು ದಿನದ ಮೋಜು. ಆದರೆ ಅದನ್ನು ಕಂಡು ಬಂದ ಬಡ ನೆರೆಮನೆಯ ಹುಡುಗಿಯ ತಂದೆ ಅದಕ್ಕಾಗಿ ಸಾಲ ಮಾಡುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬಡವನಿಗೆ ಉಪದೇಶಿಸುವುದು ಸುಲಭ. ಅವನ ಹಾಸಿಗೆ ಚಿಕ್ಕದೆಂದು ಅವನಿಗೇ ನಾಚಿಕೆಯಾಗುವಂತೆ ಮಾಡಿದವರಾರು? ಅನುಕೂಲಸ್ಥರೇ, ನಿಮ್ಮ ಸರಳತೆ ನಿಮ್ಮ ನೆರೆಯವನ ಮೇಲೆ ನೀವು ಮಾಡುವ ಉಪಕಾರವೆಂಬುದನ್ನು ಮರೆಯದಿರಿ.

ಅಗ್ಗದ ಬಟ್ಟೆಯ ನಿಜ ಬೆಲೆ

'ಅಗ್ಗವಾಗಿ ಸಿಕ್ಕಿತು, ಹಾಗಾಗಿ ಕೊಂಡೆವು' ಎನ್ನುವುದು ಇನ್ನೊಂದು ಸಮರ್ಥನೆ. ಈಗ ಅಂಗಡಿಗೆ ಹೋಗಬೇಕೆಂದೂ ಇಲ್ಲ. ಮೊಬೈಲಿಗೆ ಬೆರಳು ತಾಗಿಸಿದರೆ ಬಟ್ಟೆ ಮನೆ ಬಾಗಿಲಿಗೆ ಬರುತ್ತದೆ. ಆದರೆ ಅದರ ಬೆಲೆಯನ್ನು ಬೇರೆಲ್ಲೋ ಬೇರಾರೋ ತೆತ್ತಿರುತ್ತಾರೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಝಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿಯಿತು. ಅದರೊಳಗಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ 1,100ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ಬಡ ಯುವತಿಯರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಆದರೂ ಮರುದಿನ ಅವರನ್ನು ಕೆಲಸಕ್ಕೆ ಕರೆಸಲಾಯಿತು. ಅವರು ಹೊಲಿಯುತ್ತಿದ್ದದ್ದು ದೂರದ ಶ್ರೀಮಂತ ದೇಶಗಳ ಅಂಗಡಿಗಳಿಗಾಗಿ. ನಮ್ಮ ಬೆಂಗಳೂರಿನಲ್ಲೂ ಅಸಂಖ್ಯಾತ ಹೆಂಗಸರು ಗಾರ್ಮೆಂಟ್ಸ್ ಕೆಲಸದಿಂದಲೇ ಮನೆ ನಡೆಸುತ್ತಾರೆ.

ಭೂಮಿಯೂ ಬೆಲೆ ತೆರುತ್ತದೆ. ಒಂದು ಹತ್ತಿಯ ಶರ್ಟಿಗೆ ಹತ್ತಿ ಬೆಳೆಯುವಲ್ಲಿಂದ ಹಿಡಿದು ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜಿದೆ. ಪಾಲಿಯೆಸ್ಟರ್ ತಯಾರಾಗುವುದು ಪೆಟ್ರೋಲಿಯಂನಿಂದ. ಎಸೆದರೆ ಅದು ಮಣ್ಣಲ್ಲಿ ಮಣ್ಣಾಗುವುದಿಲ್ಲ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಕಲಿತ ಸಮುದಾಯಕ್ಕೆ ಈ ಲೆಕ್ಕ ಅರ್ಥವಾಗಬೇಡವೇ? ಸಂಪತ್ತನ್ನು ಹೇಗೆ ಗಳಿಸಿದೆ ಎಂಬುದರ ಜೊತೆಗೆ ಯಾವುದಕ್ಕೆ ಖರ್ಚು ಮಾಡಿದೆ ಎಂದೂ ನಾಳೆ ನಮ್ಮೊಡನೆ ಕೇಳಲಾಗುವುದು.

ಹತ್ತು ರಾತ್ರಿಗಳು

ಇದಕ್ಕಿಂತಲೂ ದೊಡ್ಡ ನಷ್ಟವೊಂದಿದೆ. ರಮಝಾನಿನ ಕೊನೆಯ ಹತ್ತು ರಾತ್ರಿಗಳಲ್ಲಿ ಸಾವಿರ ತಿಂಗಳುಗಳಿಗಿಂತ ಶ್ರೇಷ್ಠವಾದ ರಾತ್ರಿಯೊಂದು ಅಡಗಿದೆ. ಪ್ರವಾದಿ(ಸ) ಆ ದಿನಗಳಲ್ಲಿ ಮಸೀದಿಯಲ್ಲಿ ಇಅ್‌ತಿಕಾಫ್ ಕೂರುತ್ತಿದ್ದರು, ಮನೆಯವರನ್ನೂ ರಾತ್ರಿ ಎಬ್ಬಿಸುತ್ತಿದ್ದರು. ನಾವೂ ಆ ರಾತ್ರಿಗಳಲ್ಲಿ ಎಚ್ಚರವಾಗಿರುತ್ತೇವೆ, ಬಟ್ಟೆಯಂಗಡಿಗಳಲ್ಲಿ! ಈದ್‌ಗೆ ಇದ್ದುದರಲ್ಲಿ ಉತ್ತಮವಾದುದನ್ನು ಧರಿಸುವುದು ಸುನ್ನತ್. ಅದು ಹೊಸತೇ ಆಗಿರಬೇಕೆಂದಿಲ್ಲ. ಮಕ್ಕಳಿಗೆ ಹೊಸ ಬಟ್ಟೆ ಬೇಕೆಂದಿದ್ದರೆ ಶಅಬಾನ್‌ನಲ್ಲೇ ತಂದಿಡಿ.

ಮಾಡಬಹುದಾದದ್ದು

ಈ ಜ್ವರ ಹಬ್ಬಿಸಿದ ನಾಡುಗಳಲ್ಲೇ ಈಗ ಔಷಧದ ಹುಡುಕಾಟ ನಡೆದಿದೆ. ಅಮೆರಿಕದ ಕೋರ್ಟ್ನಿ ಕಾರ್ವರ್ ಎಂಬ ಮಹಿಳೆ 2010ರಲ್ಲಿ ಒಂದು ಪ್ರಯೋಗ ಆರಂಭಿಸಿದರು. ಬಟ್ಟೆ, ಪಾದರಕ್ಷೆ, ಆಭರಣ ಎಲ್ಲವೂ ಸೇರಿ 33 ವಸ್ತುಗಳಲ್ಲಿ ಮೂರು ತಿಂಗಳು ಕಳೆಯುವುದು. ಒಳ ಉಡುಪು, ಮಲಗುವ ಬಟ್ಟೆಗಳು ಲೆಕ್ಕಕ್ಕಿಲ್ಲ. ಅನೇಕರು ಅದನ್ನು ಅನುಸರಿಸಿದರು. ಒಳ್ಳೆಯ ವಿಚಾರ ಎಲ್ಲಿಂದ ಬಂದರೂ ಸ್ವೀಕರಿಸೋಣ. ಆದರೆ ಇಸ್ಲಾಮ್ ಸಂಖ್ಯೆಯನ್ನು ನಿಗದಿಪಡಿಸಿಲ್ಲ, ಉದ್ದೇಶವನ್ನು ತಿದ್ದಿದೆ. ಕಡಿಮೆ ಬಟ್ಟೆಯನ್ನು ಜನರಿಗೆ ತೋರಿಸಿ ಹೊಗಳಿಸಿಕೊಂಡರೆ ಅದೂ ಪ್ರಸಿದ್ಧಿಯ ಉಡುಪೇ.

ಒಂದು ರಜಾದಿನ ಮನೆಯವರೆಲ್ಲ ಸೇರಿ ಕಪಾಟನ್ನು ಖಾಲಿ ಮಾಡಿ. ಬಳಸುವುದನ್ನು ಒಂದು ಕಡೆ, ಹೊಲಿಗೆ ಬಿಚ್ಚಿದ್ದನ್ನು, ಗುಂಡಿ ಕಿತ್ತದ್ದನ್ನು ಇನ್ನೊಂದು ಕಡೆ, ಬಳಸದೆ ಬಿದ್ದಿರುವುದನ್ನು ಮತ್ತೊಂದು ಕಡೆ ಇಡಿ. ಎರಡನೆಯದನ್ನು ದರ್ಜಿಗೆ ಕೊಡಿ, ಇಲ್ಲವೇ ಮಕ್ಕಳಿಗೆ ಸೂಜಿದಾರ ಹಿಡಿಯಲು ಕಲಿಸಿ. ಮುಂದೆ ಹೊಸತೊಂದು ಒಳಬರುವಾಗ ಹಳೆಯದೊಂದು ಹೊರಹೋಗಲಿ. ಕೊಳ್ಳುವ ಮುನ್ನ ಒಂದು ವಾರ ಕಾಯಿರಿ. ಆಸೆ ಹೆಚ್ಚಾಗಿ ಅಷ್ಟರಲ್ಲಿ ತಣ್ಣಗಾಗುತ್ತದೆ. ಗಂಡಂದಿರು ಈ ಕೆಲಸವನ್ನು ತಮ್ಮ ಬಟ್ಟೆಗಳಿಂದಲೇ ಆರಂಭಿಸಲಿ.

ಮೂರನೆಯ ರಾಶಿಯ ಕುರಿತು ಒಂದು ಎಚ್ಚರಿಕೆ. ಹರಿದದ್ದು, ಕಲೆಯಾದದ್ದು ಬಡವರಿಗೆ ಎಂಬ ಧೋರಣೆ ಬೇಡ. ನಿಮಗೆ ಯಾರಾದರೂ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸಲಾರದಂಥದ್ದನ್ನು ದಾನ ಮಾಡಬೇಡಿರೆಂದು ಕುರ್‌ಆನ್ ತಡೆದಿದೆ (2:267). ಕನ್ನಡದ ಉಡುಗೊರೆ ಎಂಬ ಪದದಲ್ಲೇ ಉಡು ಎಂಬ ಮಾತಿದೆ. ಉಡಲು ಕೊಡುವ ಬಟ್ಟೆಯೇ ಉಡುಗೊರೆ. ಹಾಗಾದರೆ ಒಗೆದು, ಇಸ್ತ್ರಿ ಮಾಡಿ, ಉಡುಗೊರೆಯಂತೆಯೇ ಕೊಡಿ. ನಿಮಗಿಷ್ಟವಾದ ಒಂದಾದರೂ ಅದರಲ್ಲಿರಲಿ.

ಹಝ್ರತ್ ಅಬೂಬಕರ್(ರ) ಮರಣಶಯ್ಯೆಯಲ್ಲಿದ್ದಾಗ ತಾವು ಧರಿಸಿದ್ದ ಬಟ್ಟೆಯನ್ನು ನೋಡಿ, ಇದನ್ನೇ ತೊಳೆದು, ಇನ್ನೆರಡು ಸೇರಿಸಿ ಕಫನ್ ಮಾಡಿರೆಂದರು. ಇದು ಹಳತಾಯಿತಲ್ಲ ಎಂದು ಮಗಳು ಆಯಿಶಾ(ರ) ಹೇಳಿದಾಗ, ಹೊಸ ಬಟ್ಟೆಗೆ ಸತ್ತವನಿಗಿಂತ ಬದುಕಿರುವವನೇ ಹೆಚ್ಚು ಹಕ್ಕುದಾರ ಎಂದು ಉತ್ತರಿಸಿದರು. ಖಲೀಫರು ತಮ್ಮ ಕಫನ್‌ನಲ್ಲೂ ಇನ್ನೊಬ್ಬರ ಅಗತ್ಯವನ್ನು ಕಂಡರು. ನಮ್ಮ ಕಪಾಟಿನಲ್ಲಿ ಎಷ್ಟು ಮಂದಿಯ ಹಕ್ಕು ಮಡಚಿ ಬಿದ್ದಿದೆ?

ಅಲ್ಲಾಹನು ನಮಗೆ ತಖ್ವಾದ ಉಡುಪನ್ನು ತೊಡಿಸಲಿ, ದುರ್ವ್ಯಯದಿಂದ ಕಾಪಾಡಲಿ. ಆಮೀನ್.