ಓಟ ಕಲಿಸುವವರು



ಓಡಿ ಗೆದ್ದವರ ಹೆಸರು ನಮಗೆಲ್ಲ ಗೊತ್ತಿರುತ್ತದೆ. ಅವರಿಗೆ ಓಟ ಕಲಿಸಿದವರು ಯಾರು ಅಂತ ಎಷ್ಟು ಜನಕ್ಕೆ ಗೊತ್ತುಂಟು? ನನಗೂ ಗೊತ್ತಿರಲಿಲ್ಲ.

ನಮ್ಮ ದೊಡ್ಡಮಾವ ಮಂಗಳೂರಿನ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು. ಶಾಲೆಗೆ ಪಿ.ಟಿ. ಮಾಷ್ಟ್ರು ಇರುವ ಹಾಗೆ ಕಾಲೇಜಿಗೆ ಇವರು. ಓಟ, ಜಿಗಿತ, ಎಸೆತ ಕಲಿಸುವ ಕೋಚ್ ಸಹ ಅವರೇ. ಅವರಿಗೆ 60 ವರ್ಷ ತುಂಬುತ್ತಾ ಬಂತು, ಇನ್ನು ನಿವೃತ್ತಿ. ದಸರಾ ರಜೆಯಲ್ಲಿ ಅವರ ಮನೆಗೆ ಹೋದಾಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಬೆಳಿಗ್ಗೆ 6 ಗಂಟೆಗೆ ಮಾವ ನನ್ನನ್ನು ಮಂಗಳಾ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದರು. ಈಗ ಅಲ್ಲಿ ಸಿಂಥೆಟಿಕ್ ಟ್ರ್ಯಾಕ್ ಉಂಟು. "ನಾನು ಕೆಲಸಕ್ಕೆ ಸೇರಿದಾಗ ಎಲ್ಲ ಕಡೆ ಮಣ್ಣಿನ ಟ್ರ್ಯಾಕ್. ಒಂದು ಮಳೆ ಬಂದರೆ ಸುಣ್ಣದ ಗೆರೆ ಎಲ್ಲ ಹೋಯಿತು. ಪುನಃ ಅಳೆದು ಹಾಕಬೇಕು" ಎಂದರು.

ಟ್ರ್ಯಾಕಿನ ಒಂದು ಸುತ್ತು 400 ಮೀಟರ್. ಒಂದು ಲೇನಿನ ಅಗಲ 1.22 ಮೀಟರ್. 400 ಮೀಟರ್ ಓಟಕ್ಕೆ ಹೊರಗಿನ ಲೇನಿನವರನ್ನು ಮುಂದೆ ನಿಲ್ಲಿಸುತ್ತಾರೆ. "ಇದು ಮೋಸ ಅಲ್ವಾ ಮಾವ?" ಅಂತ ಕೇಳಿದೆ. ಅವರು ಲೆಕ್ಕ ಹಾಕಿ ತೋರಿಸಿದರು. ಎರಡು ತಿರುವು ಸೇರಿದರೆ ಒಂದು ವೃತ್ತ. ತ್ರಿಜ್ಯ 1.22 ಮೀಟರ್ ಹೆಚ್ಚಾದರೆ ಪರಿಧಿ 2 × 22/7 × 1.22, ಅಂದರೆ 7.67 ಮೀಟರ್ ಹೆಚ್ಚು. ಅಷ್ಟೇ ದೂರ ಮುಂದೆ ನಿಲ್ಲಿಸಬೇಕು. ಎರಡನೇ ಲೇನಿಗೆ ಮಾತ್ರ 7.04 ಮೀಟರ್. ಯಾಕೆಂದರೆ ಮೊದಲನೇ ಲೇನನ್ನು ಒಳ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ, ಉಳಿದದ್ದನ್ನು 20 ಸೆಂಟಿಮೀಟರ್ ಬಿಟ್ಟು. ನಾವು ಪುಸ್ತಕದಲ್ಲಿ ಕಲಿತ ಪರಿಧಿಯ ಸೂತ್ರ ಮೈದಾನದಲ್ಲಿ ಉಂಟು!

ಇನ್ನು ರಿಲೇ. ವಲಯ ಮಟ್ಟದ ಕ್ರೀಡಾಕೂಟದಲ್ಲಿ ನಮ್ಮ 4×100 ರಿಲೇಯ ಬೇಟನ್ ಬಿದ್ದದ್ದು ನಿಮಗೆ ನೆನಪಿರಬಹುದು. ಮೂರನೆಯವಳಾಗಿ ಓಡಿದ ಗೆಳತಿ ಬೀಳಿಸಿದಳು ಅಂತ ಎಲ್ಲರೂ ಅವಳಿಗೇ ಬೈದೆವು. ಆಮೇಲೆ ಅವಳು ಆಟಕ್ಕೇ ಬರಲಿಲ್ಲ. ನಾಲ್ಕನೆಯವಳು ನಾನು. ಮಾವನ ಹತ್ತಿರ ಇದನ್ನು ಹೇಳಿದೆ.

"ನೀನು ಯಾವಾಗ ಓಡಲು ಶುರು ಮಾಡಿದ್ದು ಮಗಾ?"

"ಅವಳು ಹತ್ತಿರ ಬಂದಾಗ."

"ಹತ್ತಿರ ಅಂದರೆ ಎಷ್ಟು?"

ನನಗೆ ಉತ್ತರ ಬರಲಿಲ್ಲ. ಬೇಟನ್ ಬದಲಿಸಲು 30 ಮೀಟರ್ ಜಾಗ ಇರುತ್ತದೆ. ತೆಗೆದುಕೊಳ್ಳುವವರು ಹಿಂದೆ ಪಾದ ಅಳೆದು ಒಂದು ಗುರುತು ಹಾಕಬೇಕು. ಓಡಿ ಬರುವವರು ಆ ಗುರುತು ಮುಟ್ಟಿದ ಕೂಡಲೇ ಹೊರಡಬೇಕು, ಮತ್ತೆ ಹಿಂದೆ ನೋಡಬಾರದು. ನೋಡಿದರೆ ಕೈ ಆಚೀಚೆ ಹೋಗುತ್ತದೆ. ನಾನು ಹಿಂದೆ ನೋಡುತ್ತಲೇ ಓಡಿದ್ದೆ. ಮಾವ 15 ಪಾದಕ್ಕೆ ಗುರುತು ಹಾಕಿ ಕಾಲೇಜಿನ ಅಕ್ಕನೊಬ್ಬರ ಜೊತೆ ಓಡಿಸಿದರು. ಬೇಟನ್ ನನಗೆ ಸಿಗಲಿಲ್ಲ. ಗುರುತನ್ನು 2 ಪಾದ ಹತ್ತಿರ ತಂದರು. ಸಿಕ್ಕಿತು! ಆಗ ನನಗೆ ಅಳು ಬಂತು. ತಪ್ಪು ಗೆಳತಿಯದ್ದಲ್ಲ, ನನ್ನದು.

ಮಂಗಳೂರಿನಲ್ಲಿ ಓದಿದ ಎಂ.ಆರ್. ಪೂವಮ್ಮ 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಓಟದಲ್ಲಿ ಕಂಚು ಗೆದ್ದರು. ಅಲ್ಲಿಯೂ 2018ರಲ್ಲಿ ಜಕಾರ್ತದಲ್ಲಿಯೂ 4×400 ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಕಲಿಸುವವರಿಗೂ ಒಂದು ಪ್ರಶಸ್ತಿ ಉಂಟು. ಅದು ದ್ರೋಣಾಚಾರ್ಯ ಪ್ರಶಸ್ತಿ. 1985ರಲ್ಲಿ ಶುರುವಾದಾಗ ಅಥ್ಲೆಟಿಕ್ಸಿಗೆ ಅದನ್ನು ಪಡೆದವರು ಕೇರಳದ ಓ.ಎಂ. ನಂಬಿಯಾರ್. ಅವರು ಪಿ.ಟಿ. ಉಷಾ ಅವರ ಗುರುಗಳು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ನಮ್ಮ ರಾಜ್ಯದ ಎನ್. ಲಿಂಗಪ್ಪ ಅವರಿಗೆ 2014ರಲ್ಲಿ ಜೀವಮಾನದ ಸಾಧನೆಗಾಗಿ ಈ ಪ್ರಶಸ್ತಿ ಬಂತು.

ನಮ್ಮ ಮಾವನಿಗೆ ಯಾವ ಪ್ರಶಸ್ತಿಯೂ ಬಂದಿಲ್ಲ. ಅವರ ಕಪಾಟಿನಲ್ಲಿ ನೋಟ್ ಪುಸ್ತಕಗಳ ದೊಡ್ಡ ಕಟ್ಟು ಉಂಟು. ಮೊದಲನೆಯದ್ದು 1992ರದ್ದು. ಓಡಿದ ಪ್ರತಿಯೊಬ್ಬರ ಹೆಸರು, ದಿನ, ಸಮಯ ಎಲ್ಲ ಬರೆದಿದ್ದಾರೆ. ಕೊನೆಗೆ ಬಂದವರದ್ದೂ ಉಂಟು. "ಇವರಲ್ಲಿ ಹೆಚ್ಚಿನವರು ಬಹುಮಾನ ತೆಗೆದವರಲ್ಲ. ಕೆಲವರು ಬ್ಯಾಂಕಿನಲ್ಲಿ, ಕೆಲವರು ಪೊಲೀಸಿನಲ್ಲಿ ಇದ್ದಾರೆ. ಕೆಲವರು ಅಂಗಡಿ ಇಟ್ಟಿದ್ದಾರೆ. ದಾರಿಯಲ್ಲಿ ಸಿಕ್ಕಿದರೆ ಈಗಲೂ ಅವರ ಟೈಮಿಂಗ್ ಅವರೇ ಹೇಳುತ್ತಾರೆ" ಅಂತ ಮಾವ ನಕ್ಕರು. ನಿವೃತ್ತಿ ಆದ ಮೇಲೆ ಎಂತ ಮಾಡ್ತೀರಿ ಅಂತ ಕೇಳಿದೆ. "ಬೆಳಿಗ್ಗೆ 6 ಗಂಟೆಗೆ ಎಚ್ಚರ ಆಗ್ತದಲ್ಲ, ಮೈದಾನಕ್ಕೆ ಬರುವುದು" ಎಂದರು.

ರಜೆ ಮುಗಿದ ಮೊದಲ ದಿನವೇ ಗೆಳತಿಯ ಮನೆಗೆ ಹೋಗಿ ತಪ್ಪು ನನ್ನದು ಅಂತ ಹೇಳಿದ್ದೇನೆ. ನೀವೆಲ್ಲರೂ ಓದಬೇಕು ಅಂತ ಇಲ್ಲಿಯೂ ಬರೆದಿದ್ದೇನೆ. ಸೋಮವಾರ ಸಂಜೆ ನಮ್ಮ ಮೈದಾನದಲ್ಲಿ ಪಾದ ಅಳೆದು ಗುರುತು ಹಾಕುತ್ತೇವೆ. ಅವಳು ಬರುತ್ತೇನೆ ಎಂದಿದ್ದಾಳೆ. ನೀವೂ ಬನ್ನಿ.

— ಏಳನೇ ತರಗತಿ